ಅಮೆರಿಕದಲ್ಲಿ ಓದಲು ಹಣ ಹೊಂದಿಸುವುದು ಹೇಗೆ: ಪದವಿಯಿಂದ ಪಿಎಚ್‌ಡಿವರೆಗೆ

ಮಾರ್ಚ್ ತಿಂಗಳ ಕೊನೆಗೆ ಅಮೆರಿಕದ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಊಟದ ಮೇಜಿನ ಮೇಲೆ ಒಂದು ಪತ್ರ ಇರುತ್ತದೆ. ಮಗಳಿಗೆ ಕಾಲೇಜು ಸಿಕ್ಕಿತೆಂಬ ಸುದ್ದಿಯ ಬೆನ್ನಿಗೇ ಬಂದ ಹಣಕಾಸು ನೆರವಿನ ಪತ್ರ ಅದು. ಅಂಥದ್ದೊಂದನ್ನು ಉದಾಹರಣೆಗೆ ಎದುರಿಗೆ ಇಟ್ಟುಕೊಳ್ಳೋಣ. ವರ್ಷದ ಒಟ್ಟು ವೆಚ್ಚ 40,000 ಡಾಲರ್. ಅದರ ಕೆಳಗೆ ಆರು ಸಾಲುಗಳು:

ವಿಶ್ವವಿದ್ಯಾಲಯದ ಅನುದಾನ: 11,000
ಪೆಲ್ ಗ್ರಾಂಟ್: 2,400
ವರ್ಕ್‌ ಸ್ಟಡಿ: 2,500
ಸಬ್ಸಿಡಿ ಸಾಲ: 3,500
ಸಬ್ಸಿಡಿ ಇಲ್ಲದ ಸಾಲ: 2,000
ಪೇರೆಂಟ್ ಪ್ಲಸ್: 18,600

ಕೊನೆಯಲ್ಲಿ, ಬಾಕಿ ಸೊನ್ನೆ. ಅಪ್ಪ ಅಮ್ಮ ನಿಟ್ಟುಸಿರು ಬಿಡುತ್ತಾರೆ. ಆದರೆ ಈ ಪತ್ರದಲ್ಲಿ ಮರಳಿ ಕೊಡಬೇಕಾಗಿಲ್ಲದ ಹಣ ಮೊದಲ ಎರಡು ಸಾಲು ಮಾತ್ರ, ಒಟ್ಟು 13,400. ಮೂರನೆಯದು ಮಗಳು ಗಂಟೆಗಟ್ಟಲೆ ಕೆಲಸ ಮಾಡಿ ಗಳಿಸಬೇಕಾದದ್ದು. ಮಿಕ್ಕಿದ್ದೆಲ್ಲ ಸಾಲ. ಕೊನೆಯ ಸಾಲಿನಲ್ಲಿರುವ ಪೇರೆಂಟ್ ಪ್ಲಸ್ ಎಂಬುದು ತಂದೆ ಅಥವಾ ತಾಯಿಯ ಹೆಸರಿನಲ್ಲಿ ಸರ್ಕಾರದಿಂದ ತೆಗೆಯುವ ಸಾಲ. 'ನೆರವು' ಎಂಬ ಒಂದೇ ತಲೆಬರಹದ ಕೆಳಗೆ ಮೂರು ಬಗೆಯ ಹಣವನ್ನು ಬೆರೆಸಿ ಬರೆಯುವ ಈ ರೂಢಿ ನನಗೆ ಸರಿಕಾಣುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಲೆಕ್ಕವನ್ನು ಹಿಡಿದು ಹೋಗುತ್ತೇನೆ: ಮೊದಲು ಹಾಗೆಯೇ ಸಿಗುವ ಹಣ, ಆಮೇಲೆ ದುಡಿದು ಪಡೆಯುವ ಹಣ, ಎಲ್ಲ ಮುಗಿದ ಮೇಲೆ ಸಾಲ.

ಮೊದಲ ಹೆಜ್ಜೆ: ನಿಮಗೆ ಯಾವ ಬಾಗಿಲು ತೆರೆದಿದೆ ಎಂದು ತಿಳಿದುಕೊಳ್ಳಿ

ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ನೆರವು ಅಲ್ಲಿನ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಕಾನೂನು ಹೆಸರಿಸಿದ ಇನ್ನು ಕೆಲವು ವರ್ಗದವರಿಗೆ ಮಾತ್ರ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೂ, ಎಚ್-1ಬಿ ಎಂಬ ಉದ್ಯೋಗ ವೀಸಾದವರ ಮಕ್ಕಳಾಗಿ ಎಚ್-4 ವೀಸಾದಲ್ಲಿರುವವರಿಗೂ ಅದು ಸಿಗುವುದಿಲ್ಲ.

ಇಲ್ಲಿ ನಮ್ಮವರು ಪದೇ ಪದೇ ಎಡವುವ ಒಂದು ಜಾಗವಿದೆ. ಅಪ್ಪ ಅಮ್ಮ ಇಬ್ಬರೂ ಎಚ್-1ಬಿ ವೀಸಾದಲ್ಲಿದ್ದು, ಮಗ ಇಲ್ಲೇ ಹುಟ್ಟಿ ನಾಗರಿಕನಾಗಿದ್ದರೆ, 'ನಮಗೇ ಗ್ರೀನ್ ಕಾರ್ಡ್ ಇಲ್ಲ, ಅವನಿಗೆಲ್ಲಿಯ ನೆರವು' ಎಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಆದರೆ ನೋಡುವುದು ವಿದ್ಯಾರ್ಥಿಯ ಸ್ಥಿತಿಯನ್ನು, ಹೆತ್ತವರ ವೀಸಾವನ್ನಲ್ಲ. ಹೆತ್ತವರಿಗೆ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಇಲ್ಲದಿದ್ದರೂ ಅರ್ಜಿಯಲ್ಲಿ ತಮ್ಮ ಭಾಗವನ್ನು ತುಂಬಲು ವ್ಯವಸ್ಥೆ ಇದೆ. ಇಂಥ ಮನೆಗೆ ತಪ್ಪುವುದು ಪೇರೆಂಟ್ ಪ್ಲಸ್ ಸಾಲ ಒಂದೇ. ಅದನ್ನು ಪಡೆಯುವ ತಂದೆ ಅಥವಾ ತಾಯಿ ಸ್ವತಃ ಅರ್ಹ ವರ್ಗದಲ್ಲಿರಬೇಕು.

ಎಚ್-4 ಮಕ್ಕಳ ಮಟ್ಟಿಗೆ ಹೇಳುವುದಾದರೆ, ಹಲವು ರಾಜ್ಯಗಳಲ್ಲಿ ಅವರಿಗೆ ರಾಜ್ಯದ ನಿವಾಸಿಗಳ ದರದಲ್ಲೇ ಬೋಧನಾ ಶುಲ್ಕ ನಿಗದಿಯಾಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರಗಿನವರ ದರಕ್ಕೂ ನಿವಾಸಿಗಳ ದರಕ್ಕೂ ಇರುವ ಅಂತರ ಬಹಳ ದೊಡ್ಡದು. ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದೊಂದನ್ನು ತಪ್ಪದೆ ಕೇಳಿ.

ಎರಡನೇ ಹೆಜ್ಜೆ: ಫಾಫ್ಸಾ ಅರ್ಜಿ

ಕೇಂದ್ರದ ನೆರವಿಗೆಲ್ಲ ಒಂದೇ ಅರ್ಜಿ, ಅದರ ಹೆಸರು ಫಾಫ್ಸಾ. ರಾಜ್ಯ ಸರ್ಕಾರಗಳೂ ಬಹುಪಾಲು ಕಾಲೇಜುಗಳೂ ತಮ್ಮ ನೆರವಿಗೆ ಇದನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತವೆ. ಅರ್ಜಿ ಸಂಪೂರ್ಣ ಉಚಿತ. ತುಂಬಿಕೊಡುತ್ತೇವೆಂದು ಹಣ ಕೇಳುವವರಿಂದ ದೂರವಿರಿ.

ಅರ್ಜಿಯು ಮುಂದಿನ ಶೈಕ್ಷಣಿಕ ವರ್ಷಕ್ಕೆಂದು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ತೆರೆಯಬೇಕೆಂದು 2024ರ ಡಿಸೆಂಬರ್‌ನಲ್ಲಿ ಕಾನೂನೇ ಆಯಿತು. ಕೇಂದ್ರದ ಗಡುವು ಶೈಕ್ಷಣಿಕ ವರ್ಷದ ಕೊನೆಯ ಜೂನ್ 30ರವರೆಗೂ ಇರುತ್ತದೆ. ಅದನ್ನು ನೋಡಿ ನಿಧಾನಿಸಬೇಡಿ. ರಾಜ್ಯಗಳ ಮತ್ತು ಕಾಲೇಜುಗಳ ಗಡುವು ಎಷ್ಟೋ ಮೊದಲೇ ಮುಗಿಯುತ್ತದೆ. ಕೆಲವು ನಿಧಿಗಳಂತೂ ಮೊದಲು ಬಂದವರಿಗೆ ಹಂಚಿ ಖಾಲಿಯಾಗುತ್ತವೆ.

ತುಂಬುವ ಕ್ರಮ ಹೀಗೆ. ಮೊದಲು ವಿದ್ಯಾರ್ಥಿಯೂ ತಂದೆ ಅಥವಾ ತಾಯಿಯೂ ಕೇಂದ್ರದ ವಿದ್ಯಾರ್ಥಿ ನೆರವಿನ ಜಾಲತಾಣದಲ್ಲಿ ಬೇರೆ ಬೇರೆ ಖಾತೆ ತೆರೆಯಬೇಕು. ಗುರುತಿನ ಪರಿಶೀಲನೆ ತಡವಾಗಬಹುದು, ಆದ್ದರಿಂದ ಇದನ್ನು ಸೆಪ್ಟೆಂಬರ್‌ನಲ್ಲೇ ಮುಗಿಸಿಕೊಳ್ಳಿ. ಆಮೇಲೆ ತೆರಿಗೆ ಇಲಾಖೆಯಿಂದ ಆದಾಯದ ವಿವರವನ್ನು ನೇರವಾಗಿ ತರಿಸಿಕೊಳ್ಳಲು ಎಲ್ಲರೂ ಒಪ್ಪಿಗೆ ಕೊಡಬೇಕು. ಒಬ್ಬರು ಒಪ್ಪಿಗೆ ಕೊಡದಿದ್ದರೂ ಕೇಂದ್ರದ ನೆರವು ನಿಂತುಹೋಗುತ್ತದೆ. ಲೆಕ್ಕಕ್ಕೆ ಹಿಡಿಯುವುದು ಎರಡು ವರ್ಷ ಹಿಂದಿನ ಆದಾಯವನ್ನು. ಉದಾಹರಣೆಗೆ 2026-27ರ ಅರ್ಜಿಗೆ 2024ರ ತೆರಿಗೆ ವಿವರ. ಈ ನಡುವೆ ಕೆಲಸ ಹೋಗಿದ್ದರೆ ಏನು ಮಾಡಬೇಕೆಂದು ಮುಂದೆ ಹೇಳುತ್ತೇನೆ.

24 ತುಂಬದ, ಮದುವೆಯಾಗದ ಪದವಿ ವಿದ್ಯಾರ್ಥಿಯನ್ನು ಸಾಮಾನ್ಯವಾಗಿ ಹೆತ್ತವರ ಅವಲಂಬಿತ ಎಂದೇ ಪರಿಗಣಿಸುತ್ತಾರೆ. ತಾನೇ ಬಾಡಿಗೆ ಕಟ್ಟುತ್ತೇನೆ ಎಂದರೂ ಅದು ಬದಲಾಗುವುದಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಮಾತ್ರ ಸೇರಿದೊಡನೆ ಸ್ವತಂತ್ರರು, ಅವರ ಅರ್ಜಿಗೆ ಹೆತ್ತವರ ಆದಾಯ ಬೇಕಿಲ್ಲ.

ಅರ್ಜಿಯಿಂದ ಹೊರಡುವ ಅಂಕಿಗೆ ಸ್ಟೂಡೆಂಟ್ ಏಡ್ ಇಂಡೆಕ್ಸ್ ಎಂದು ಹೆಸರು. ಅದು ಕಡಿಮೆಯಾದಷ್ಟೂ ನೆರವಿನ ಅಗತ್ಯ ಹೆಚ್ಚೆಂದು ಅರ್ಥ. ಕನಿಷ್ಠ ಮಟ್ಟ ಮೈನಸ್ 1,500. ಮನೆಯ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಹೆತ್ತವರ ಪಾಲನ್ನು ಇಬ್ಬರ ನಡುವೆ ಹಂಚಿ ಲೆಕ್ಕ ಹಾಕುತ್ತಿದ್ದರು. 2024-25ರಿಂದ ಕೇಂದ್ರದ ಸೂತ್ರದಲ್ಲಿ ಆ ರಿಯಾಯಿತಿ ಇಲ್ಲ. ಆದರೂ ಕಾಲೇಜಿನ ನೆರವು ಕಚೇರಿಗೆ ಎರಡನೇ ಮಗುವಿನ ವಿಷಯ ತಿಳಿಸಿ. ತಮ್ಮ ಸ್ವಂತ ನಿಧಿಯಿಂದ ಕೊಡುವಾಗ ಅದನ್ನು ಗಣಿಸುವ ಕಾಲೇಜುಗಳಿವೆ.

ಫಾಫ್ಸಾದಿಂದ ಸಿಗುವ ಮುಖ್ಯ ಅನುದಾನ ಪೆಲ್ ಗ್ರಾಂಟ್, 2025-26ಕ್ಕೆ ಗರಿಷ್ಠ 7,395 ಡಾಲರ್. ಅದು ಮೊದಲ ಪದವಿಗೆ, ಆದಾಯ ಕಡಿಮೆ ಇರುವವರಿಗೆ. ಸ್ನಾತಕೋತ್ತರಕ್ಕೆ ಇಲ್ಲ. ಆದಾಯ ಚೆನ್ನಾಗಿದೆ, ಹೇಗೂ ಪೆಲ್ ಬರುವುದಿಲ್ಲ ಎನ್ನುವವರೂ ಅರ್ಜಿ ಹಾಕಲೇಬೇಕು ಎಂಬುದು ನನ್ನ ಸಲಹೆ. ವಿದ್ಯಾರ್ಥಿಯ ಹೆಸರಿನ ಕೇಂದ್ರ ಸಾಲಕ್ಕೂ ಹಲವು ಕಾಲೇಜುಗಳ ಸ್ವಂತ ಅನುದಾನಕ್ಕೂ ದಾರಿ ಇದೇ.

ಮೂರನೇ ಹೆಜ್ಜೆ: ಕಾಲೇಜಿನ ಸ್ವಂತ ನಿಧಿ

ದೊಡ್ಡ ಮೊತ್ತ ಇರುವುದು ಹಲವು ಬಾರಿ ಇಲ್ಲಿಯೇ. ಹಲವು ಖಾಸಗಿ ಕಾಲೇಜುಗಳು ಫಾಫ್ಸಾ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ ಕೇಳುತ್ತವೆ. ಇದನ್ನು ನಡೆಸುವುದು ಕಾಲೇಜ್ ಬೋರ್ಡ್. ಇದು ಮನೆಯ ಮೌಲ್ಯ, ವ್ಯಾಪಾರ, ಇತರ ಆಸ್ತಿಗಳವರೆಗೆ ಕೆದಕಿ ಕೇಳುತ್ತದೆ. ವಿದೇಶಿ ವಿದ್ಯಾರ್ಥಿಗಳೂ ಇದನ್ನು ತುಂಬಬಹುದೆಂಬುದು ಮುಖ್ಯ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಬೆರಳೆಣಿಕೆಯ ಸಂಸ್ಥೆಗಳು ಪದವಿ ಪ್ರವೇಶದ ವೇಳೆ ವಿದೇಶಿಯರ ಹಣದ ಸ್ಥಿತಿಯನ್ನು ನೋಡುವುದೇ ಇಲ್ಲ, ಸೀಟು ಕೊಟ್ಟ ಮೇಲೆ ಅಗತ್ಯವಿರುವಷ್ಟನ್ನೂ ತುಂಬಿಕೊಡುತ್ತವೆ. ಉಳಿದ ಹೆಚ್ಚಿನ ಕಡೆ ನೆರವು ಕೇಳಿದ್ದು ವಿದೇಶಿ ವಿದ್ಯಾರ್ಥಿಯ ಪ್ರವೇಶದ ಮೇಲೆ ಪರಿಣಾಮ ಬೀರುತ್ತದೆ. ಹಾಗೆಂದು ಕೇಳದೆ ಬಿಡಬೇಡಿ. ಮೊದಲ ವರ್ಷ ಕೇಳದವರಿಗೆ ಮುಂದಿನ ವರ್ಷಗಳಲ್ಲಿ ಕೇಳಲು ಅವಕಾಶ ಕೊಡದ ಕಾಲೇಜುಗಳೂ ಇವೆ.

ಅರ್ಜಿ ಶುಲ್ಕ ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಕೇಂದ್ರದ ನೆರವು ಪಡೆಯುವ ಪದವಿ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ನಿವ್ವಳ ವೆಚ್ಚ ಲೆಕ್ಕ ಹಾಕುವ ಸಾಧನವೊಂದನ್ನು (ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್) ಇಡಬೇಕೆಂದು 2011ರಿಂದ ನಿಯಮವಿದೆ. ಆದಾಯ ಮತ್ತು ಕುಟುಂಬದ ವಿವರ ಕೊಟ್ಟರೆ ನಿಮ್ಮಂಥ ಮನೆಗೆ ಎಷ್ಟು ಬೀಳಬಹುದೆಂದು ತೋರಿಸುತ್ತದೆ. ಸುಮಾರು ಕಾಲು ಗಂಟೆಯ ಕೆಲಸ. ಜಾಹೀರಾದ ಶುಲ್ಕ ನೋಡಿ ಹೆದರಿ ಪಟ್ಟಿಯಿಂದ ತೆಗೆದುಹಾಕಿದ ಕಾಲೇಜೇ ಕೊನೆಗೆ ಅಗ್ಗವಾಗಿರುವ ಸಂದರ್ಭ ವಿರಳವೇನಲ್ಲ.

ನಾಲ್ಕನೇ ಹೆಜ್ಜೆ: ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿ, ಮತ್ತೆ ಕೇಳಿ

ಮೊದಲಿನ ಪತ್ರಕ್ಕೆ ಮರಳೋಣ. 40,000ದಿಂದ ಅನುದಾನದ 13,400 ಕಳೆದರೆ ನಿಜವಾದ ವೆಚ್ಚ 26,600. ಇನ್ನೊಂದು ಕಾಲೇಜಿನ ಒಟ್ಟು ವೆಚ್ಚ 52,000, ಅನುದಾನ 27,000 ಎಂದಿಟ್ಟುಕೊಳ್ಳಿ. ಅದರ ನಿಜವಾದ ವೆಚ್ಚ 25,000. ಹೊರಗಿನಿಂದ 12,000 ದುಬಾರಿಯಾಗಿ ಕಂಡದ್ದು ವರ್ಷಕ್ಕೆ 1,600 ಡಾಲರ್ ಅಗ್ಗ.

ಇನ್ನು ಆ 18,600ರ ಪೇರೆಂಟ್ ಪ್ಲಸ್. 2025-26ರ ಬಡ್ಡಿ ಶೇ. 8.94. ಮೇಲಾಗಿ ಶೇ. 4ಕ್ಕಿಂತ ಹೆಚ್ಚಿನ ಶುಲ್ಕವನ್ನು ಕೊಡುವಾಗಲೇ ಮುರಿದುಕೊಳ್ಳುತ್ತಾರೆ. ನಾಲ್ಕು ವರ್ಷಕ್ಕೆ ಬೇಕಾಗುವುದು 74,400. ಆದರೆ 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಪಡೆಯುವ ಹೆತ್ತವರಿಗೆ ಒಬ್ಬ ವಿದ್ಯಾರ್ಥಿಗಾಗಿ ವರ್ಷಕ್ಕೆ 20,000, ಒಟ್ಟಾರೆ 65,000 ಡಾಲರ್ ಮಿತಿ. ಮೂರು ವರ್ಷಕ್ಕೆ 55,800 ಮುಗಿದಿರುತ್ತದೆ. ನಾಲ್ಕನೇ ವರ್ಷಕ್ಕೆ 9,400 ಡಾಲರ್ ಕೊರತೆ ಬೀಳುತ್ತದೆ. ಮೊದಲ ವರ್ಷದ ಪತ್ರದಲ್ಲಿ ಬಾಕಿ ಸೊನ್ನೆ ಎಂದಿದ್ದ ಕಾಲೇಜು ಇದನ್ನು ಹೇಳುವುದಿಲ್ಲ. ನೀವೇ ಕೂಡಿಸಿ ನೋಡಬೇಕು. ಹಾಗೆಯೇ ಅನುದಾನ ಪ್ರತಿ ವರ್ಷ ಮುಂದುವರಿಯುವುದೇ, ಯಾವ ಅಂಕಮಟ್ಟ ಕಾಯ್ದುಕೊಳ್ಳಬೇಕು, ಹೊರಗಿನಿಂದ ವಿದ್ಯಾರ್ಥಿವೇತನ ತಂದರೆ ತಮ್ಮ ಅನುದಾನವನ್ನು ಅಷ್ಟರಮಟ್ಟಿಗೆ ಇಳಿಸುವರೇ ಎಂಬ ಮೂರು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ.

ಪತ್ರ ಬಂದ ಮಾತ್ರಕ್ಕೆ ವಿಷಯ ಮುಗಿದಂತಲ್ಲ. ಕೆಲಸ ಹೋಗಿದ್ದರೆ, ಸಂಬಳ ಇಳಿದಿದ್ದರೆ, ಆಸ್ಪತ್ರೆಯ ಖರ್ಚು ಮೇಲೆ ಬಿದ್ದಿದ್ದರೆ, ವಿಚ್ಛೇದನವಾಗಿದ್ದರೆ, ಲೆಕ್ಕವನ್ನು ಮರುಪರಿಶೀಲಿಸುವ ಅಧಿಕಾರ ನೆರವು ಕಚೇರಿಯ ಅಧಿಕಾರಿಗೆ ಕಾನೂನಿನಲ್ಲೇ ಇದೆ. ಒಂದು ಪುಟದ ಪತ್ರ ಸಾಕು. ಏನಾಯಿತು, ಯಾವ ದಿನಾಂಕದಂದು, ಆದಾಯ ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು ಎಂದು ಬರೆದು, ಕೆಲಸದಿಂದ ತೆಗೆದ ಪತ್ರವನ್ನೋ ಬಿಲ್ಲುಗಳನ್ನೋ ಜೋಡಿಸಿ. ಗೋಗರೆಯುವ ಮಾತು ಬೇಕಿಲ್ಲ. ನಮ್ಮಲ್ಲಿ ಹೀಗೆ ಕೇಳುವುದಕ್ಕೆ ಸಂಕೋಚಪಡುವವರೇ ಹೆಚ್ಚು. ಆದರೆ ಇದು ಬೇಡುವುದಲ್ಲ, ನಿಯಮದಲ್ಲಿರುವ ದಾರಿ.

ಐದನೇ ಹೆಜ್ಜೆ: ಸ್ನಾತಕೋತ್ತರ ಓದಿಗೆ ಲೆಕ್ಕವೇ ಬೇರೆ

ಎಂಎಸ್ ಅಥವಾ ಪಿಎಚ್‌ಡಿಗೆ ಬಂದಾಗ ಹಣ ಇರುವುದು ನೆರವು ಕಚೇರಿಯಲ್ಲಲ್ಲ, ವಿಭಾಗದಲ್ಲಿ. ವಿಜ್ಞಾನ, ಎಂಜಿನಿಯರಿಂಗ್ ಪಿಎಚ್‌ಡಿಗಳಲ್ಲಿ ಬೋಧನಾ ಶುಲ್ಕ ಮನ್ನಾ ಮಾಡಿ ತಿಂಗಳ ವೇತನ ಕೊಡುವುದು ಸಾಮಾನ್ಯ ರೂಢಿ. ಎಂಎಸ್‌ನಲ್ಲಿ ಬಹುತೇಕರು ಕೈಯಿಂದ ಅಥವಾ ಸಾಲದಿಂದ ಕಟ್ಟುತ್ತಾರೆ. ಹಣವಿಲ್ಲ, ಸಂಶೋಧನೆಯಲ್ಲಿ ನಿಜವಾದ ಒಲವಿದೆ ಎನ್ನುವವರು ನೇರವಾಗಿ ಪಿಎಚ್‌ಡಿಗೇ ಅರ್ಜಿ ಹಾಕುವುದನ್ನು ಯೋಚಿಸಬೇಕು. ಒಲವಿಲ್ಲದೆ ಹಣಕ್ಕಾಗಿ ಮಾತ್ರ ಹಾಕಬೇಡಿ, ಐದಾರು ವರ್ಷ ಸಣ್ಣ ಅವಧಿಯಲ್ಲ.

ಹೀಗೆ ಕೆಲಸ ಮಾಡಿ ವೇತನ ಪಡೆಯುವ ಅಸಿಸ್ಟೆಂಟ್‌ಶಿಪ್ ಮೂರು ಬಗೆ. ಪಾಠಕ್ಕೆ ನೆರವಾಗುವ ಟೀಚಿಂಗ್ ಅಸಿಸ್ಟೆಂಟ್, ಪ್ರಾಧ್ಯಾಪಕರ ಸಂಶೋಧನಾ ಅನುದಾನದಿಂದ ವೇತನ ಪಡೆಯುವ ರಿಸರ್ಚ್ ಅಸಿಸ್ಟೆಂಟ್, ಗ್ರಂಥಾಲಯ, ಕಂಪ್ಯೂಟರ್ ಕೇಂದ್ರ, ವಿದ್ಯಾರ್ಥಿ ಕಚೇರಿಗಳಲ್ಲಿ ಕೆಲಸ ಮಾಡುವ ಗ್ರಾಜುಯೇಟ್ ಅಸಿಸ್ಟೆಂಟ್. ಎಂಎಸ್ ವಿದ್ಯಾರ್ಥಿಗಳು ಮೂರನೆಯದನ್ನು ಕಡೆಗಣಿಸುತ್ತಾರೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಅದಕ್ಕೂ ಶುಲ್ಕ ಮನ್ನಾ ಇರುತ್ತದೆ. ಹಾಸ್ಟೆಲಿನ ಮೇಲ್ವಿಚಾರಕ ವಿದ್ಯಾರ್ಥಿಯಾದರೆ ಕೊಠಡಿಯ ಬಾಡಿಗೆಯೇ ಉಳಿಯಬಹುದು.

ಪ್ರಾಧ್ಯಾಪಕರಿಗೆ ಬರೆಯುವ ಇಮೇಲ್ ಹೇಗಿರಬೇಕು? 'ಗೌರವಾನ್ವಿತರೇ, ತಮ್ಮ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ ಇದೆ' ಎಂದು ಐವತ್ತು ಜನರಿಗೆ ಒಂದೇ ಪತ್ರ ಕಳುಹಿಸಿದರೆ ಉತ್ತರ ಬರುವುದಿಲ್ಲ. ಅವರ ಇತ್ತೀಚಿನ ಒಂದು ಪ್ರಬಂಧವನ್ನು ನಿಜವಾಗಿ ಓದಿ, ಅದರಲ್ಲಿನ ಯಾವ ವಿಧಾನವನ್ನು ನೀವು ಬಳಸಿದ್ದೀರಿ, ಎಲ್ಲಿ ಬಳಸಿದ್ದೀರಿ ಎಂದು ಎರಡು ವಾಕ್ಯದಲ್ಲಿ ಹೇಳಿ. ಮುಂದಿನ ಸೆಮಿಸ್ಟರ್‌ಗೆ ಅವರ ಪ್ರಯೋಗಾಲಯದಲ್ಲಿ ಅವಕಾಶ ಇದೆಯೇ ಎಂದು ನೇರವಾಗಿ ಕೇಳಿ. ಒಂದು ಪುಟದ ಪರಿಚಯ ಪತ್ರ ಲಗತ್ತಿಸಿ. ಇಮೇಲ್ ಮಾತ್ರ ಎಂಟು ಸಾಲು ಮೀರಬಾರದು. ಹತ್ತು ದಿನ ಕಳೆದ ಮೇಲೆ ಒಮ್ಮೆ ಮಾತ್ರ ನೆನಪಿಸಿ. ಟೀಚಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಟೋಫೆಲ್ ಇಂಗ್ಲಿಷ್ ಪರೀಕ್ಷೆಯ ಮಾತಿನ ವಿಭಾಗದ ಅಂಕಕ್ಕೆ ಪ್ರತ್ಯೇಕ ಮಿತಿ ಇಡುವ ವಿಶ್ವವಿದ್ಯಾಲಯಗಳಿವೆ, ಒಟ್ಟು ಅಂಕ ಚೆನ್ನಾಗಿದೆಯೆಂದು ಸುಮ್ಮನಿರಬೇಡಿ.

ನೇಮಕದ ಪತ್ರ ಬಂದಾಗ ಇವಿಷ್ಟನ್ನು ಹುಡುಕಿ. ಶುಲ್ಕ ಮನ್ನಾ ಪೂರ್ತಿಯೋ ಭಾಗಶಃವೋ? ಬೋಧನಾ ಶುಲ್ಕ ಮನ್ನಾ ಆದರೂ ವಿದ್ಯಾರ್ಥಿ ಸೌಲಭ್ಯ, ತಂತ್ರಜ್ಞಾನ ಇತ್ಯಾದಿ ಶುಲ್ಕಗಳು ಉಳಿಯುತ್ತವೆಯೇ? ಆರೋಗ್ಯ ವಿಮೆ ಸೇರಿದೆಯೇ? ವೇತನ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ? ಬೇಸಿಗೆಯ ಮೂರು ತಿಂಗಳು ವೇತನವಿಲ್ಲದೆ ಬಾಡಿಗೆ ಕಟ್ಟುವುದು ಹೇಗೆಂದು ಮೇ ತಿಂಗಳಲ್ಲಿ ತಲೆಕೆಡಿಸಿಕೊಂಡವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆರ್ಥಿಕ ನೆರವಿನ ಆಹ್ವಾನಕ್ಕೆ ಏಪ್ರಿಲ್ 15ರ ಮುಂಚೆ ಉತ್ತರ ಕೊಡಲೇಬೇಕೆಂದು ಒತ್ತಾಯಿಸಬಾರದೆಂಬ ಒಪ್ಪಂದವಿದೆ. ಅದನ್ನು ರೂಪಿಸಿದ್ದು ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್. ನಿಮ್ಮ ವಿಶ್ವವಿದ್ಯಾಲಯ ಅದಕ್ಕೆ ಸಹಿ ಹಾಕಿದೆಯೇ ನೋಡಿಕೊಂಡು, ಆ ದಿನದವರೆಗೆ ಬೇರೆ ಆಹ್ವಾನಗಳಿಗೂ ಕಾಯಿರಿ.

ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ಗ್ರಾಜುಯೇಟ್ ಫೆಲೋಶಿಪ್‌ಗೂ ಅರ್ಜಿ ಹಾಕಬಹುದು: ಮೂರು ವರ್ಷ, ವರ್ಷಕ್ಕೆ 37,000 ಡಾಲರ್ ವೇತನ. ಎಫ್-1 ವಿದ್ಯಾರ್ಥಿಗೆ ಅದಿಲ್ಲ. ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯ ಕೆಲಸಕ್ಕೆ ಮಾತ್ರ ಅವರಿಗೆ ಅನುಮತಿ. ಹೊರಗೆ ಗುಟ್ಟಾಗಿ ದುಡಿಯಲು ಹೋದರೆ ವೀಸಾ ಸ್ಥಿತಿಗೇ ಕುತ್ತು.

ಆರನೇ ಹೆಜ್ಜೆ: ಕರ್ನಾಟಕದಿಂದ ಹೊರಡುವವರು ಊರಲ್ಲೇ ಮಾಡಬೇಕಾದದ್ದು

ವಿದ್ಯಾರ್ಥಿ ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಪಡೆಯಲು ಕನಿಷ್ಠ ಮೊದಲ ವರ್ಷದ ವೆಚ್ಚಕ್ಕೆ ಹಣವಿದೆ ಎಂದು ತೋರಿಸಬೇಕು. ಅಸಿಸ್ಟೆಂಟ್‌ಶಿಪ್ ಪತ್ರವಿದ್ದರೆ ಆ ಮೊತ್ತ ಇಳಿಯುತ್ತದೆ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ವಿದ್ಯಾರ್ಥಿಗಳು ಮೊದಲು ನೋಡಬೇಕಾದದ್ದು ಭಾರತದ ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್. ವಿದೇಶದಲ್ಲಿ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಇದು ಬೋಧನಾ ಶುಲ್ಕ, ಜೀವನ ವೆಚ್ಚ, ವಿಮಾನ ದರ ಕೊಡುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೇ ಇರುವಂಥದ್ದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಅರ್ಜಿ ತೆರೆಯುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಎಷ್ಟೋ ಜನರಿಗೆ ಅವಕಾಶ ತಪ್ಪುವುದು ಅಂಕದಿಂದಲ್ಲ, ಕಾಗದಪತ್ರದಿಂದ.

1892ರಲ್ಲಿ ಶುರುವಾದ ಜೆ.ಎನ್. ಟಾಟಾ ಎಂಡೋಮೆಂಟ್ ಎಲ್ಲ ವಿಷಯದವರಿಗೂ ಕೊಡುತ್ತದೆ. ಆದರೆ ಅದು ಸಾಲ ರೂಪದ ವಿದ್ಯಾರ್ಥಿವೇತನ, ಮರಳಿ ಕಟ್ಟಬೇಕು. ಮೇಲೆ ಹೇಳಿದ ಮೂರು ಬಗೆಯಲ್ಲಿ ಅದನ್ನು ಮೂರನೆಯದರಲ್ಲೇ ಬರೆದುಕೊಳ್ಳಿ.

ಬ್ಯಾಂಕ್ ಸಾಲಕ್ಕೆ ಹೋಗುವಾಗ ಸರ್ಕಾರಿ ಬ್ಯಾಂಕನ್ನೂ ಖಾಸಗಿ ಹಣಕಾಸು ಸಂಸ್ಥೆಯನ್ನೂ ಹೋಲಿಸಿ. ಅಡಮಾನಕ್ಕೆ ಆಸ್ತಿ ಇದ್ದರೆ ಸರ್ಕಾರಿ ಬ್ಯಾಂಕಿನ ಬಡ್ಡಿ ಸಾಮಾನ್ಯವಾಗಿ ಕಡಿಮೆ. ಓದುವಾಗ ಬಡ್ಡಿಯನ್ನಾದರೂ ಕಟ್ಟಬೇಕೇ, ಕಟ್ಟದಿದ್ದರೆ ಅಸಲಿಗೆ ಸೇರಿಸುವರೇ ಎಂದು ಕೇಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸೆಕ್ಷನ್ 80ಇ ಅಡಿ ಪೂರ್ತಿ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇದೆ. 2025ರ ಏಪ್ರಿಲ್ 1ರಿಂದ, ಮಾನ್ಯತೆ ಪಡೆದ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲವನ್ನು ವಿದೇಶಕ್ಕೆ ಕಳುಹಿಸುವಾಗ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುವುದಿಲ್ಲ.

ಏಳನೇ ಹೆಜ್ಜೆ: ಸಾಲವೇ ಬೇಕಾದರೆ, ಈ ಕ್ರಮದಲ್ಲಿ

ಮೊದಲು ಅಮೆರಿಕದ ಕೇಂದ್ರ ಸರ್ಕಾರದ ಸಬ್ಸಿಡಿ ಸಾಲ. ಓದುವಷ್ಟು ದಿನ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ಇದು ಪದವಿಗೆ ಮಾತ್ರ, ಸ್ನಾತಕೋತ್ತರಕ್ಕೆ 2012ರಲ್ಲೇ ನಿಂತಿತು. ಆಮೇಲೆ ಸಬ್ಸಿಡಿ ಇಲ್ಲದ ಸಾಲ. ಅವಲಂಬಿತ ಪದವಿ ವಿದ್ಯಾರ್ಥಿಗೆ ಎರಡೂ ಸೇರಿ ಮೊದಲ ವರ್ಷ 5,500, ಎರಡನೇ ವರ್ಷ 6,500, ನಂತರ 7,500 ಡಾಲರ್. 2025-26ರ ಬಡ್ಡಿ ಶೇ. 6.39.

ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 20,500, 2025-26ರ ಬಡ್ಡಿ ಶೇ. 7.94. ಹಣ ಕೈಗೆ ಬಂದ ದಿನದಿಂದಲೇ ತಿಂಗಳಿಗೆ ಸುಮಾರು 136 ಡಾಲರ್ ಬಡ್ಡಿ ಬೆಳೆಯುತ್ತದೆ. ಓದುವಾಗಲೇ ಅದನ್ನು ಕಟ್ಟುತ್ತ ಬಂದರೆ ಪದವಿ ಕೈಗೆ ಬಂದ ದಿನ ಅಸಲು ಮಾತ್ರ ಉಳಿದಿರುತ್ತದೆ. ಪೂರ್ತಿ ವೆಚ್ಚಕ್ಕೆ ಸಿಗುತ್ತಿದ್ದ ಗ್ರಾಡ್ ಪ್ಲಸ್ ಸಾಲ 2026ರ ಜುಲೈ 1ರಿಂದ ಹೊಸಬರಿಗೆ ಇಲ್ಲ. ಈಗಾಗಲೇ ಪಡೆಯುತ್ತಿರುವವರಿಗೆ ಸೀಮಿತ ಅವಧಿಯ ರಿಯಾಯಿತಿ ಇದೆ. ಅದೇ ಕಾನೂನು ಸ್ನಾತಕೋತ್ತರದ ಒಟ್ಟು ಸಾಲಕ್ಕೆ 1,00,000 ಡಾಲರ್ ಮಿತಿ ಹಾಕಿದೆ. ವೈದ್ಯಕೀಯ, ಕಾನೂನಿನಂಥ ವೃತ್ತಿಪರ ಓದಿಗೆ ವರ್ಷಕ್ಕೆ 50,000, ಒಟ್ಟು 2,00,000. ಈ ಮಿತಿ ಮೀರಿದ ವೆಚ್ಚದ ಕೋರ್ಸು ಸೇರುವವರು ಉಳಿದದ್ದು ಎಲ್ಲಿಂದ ಬರುತ್ತದೆಂದು ಸೇರುವ ಮುಂಚೆಯೇ ಬರೆದಿಡಬೇಕು.

ಖಾಸಗಿ ಸಾಲ ಕೊನೆಗೆ. ಅದಕ್ಕೆ ಬಹುಮಟ್ಟಿಗೆ ಜಾಮೀನುದಾರರು ಬೇಕು. ಪರಿಚಿತರು ಜಾಮೀನು ಹಾಕಿ ಎಂದು ಕೇಳಿದಾಗ, ಕಂತು ತಪ್ಪಿದರೆ ತಮ್ಮ ಕ್ರೆಡಿಟ್ ಅಂಕವೂ ಬೀಳುತ್ತದೆಂದು ಅವರಿಗೆ ಮೊದಲೇ ತಿಳಿಸುವುದು ನಿಮ್ಮ ಹೊಣೆ. ಜಾಮೀನಿನಿಂದ ಅವರನ್ನು ಬಿಡುಗಡೆ ಮಾಡುವ ಷರತ್ತು ಒಪ್ಪಂದದಲ್ಲಿದೆಯೇ, ಬಡ್ಡಿ ಸ್ಥಿರವೋ ಬದಲಾಗುವುದೋ ಎಂದು ಓದಿ.

ತೆರಿಗೆಯ ಹೊತ್ತಿಗೆ

ಬೋಧನಾ ಶುಲ್ಕಕ್ಕೆ ಮತ್ತು ಕಡ್ಡಾಯ ಪುಸ್ತಕಗಳಿಗೆ ಹೋದ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ಊಟ, ವಸತಿಗೆ ಬಳಸಿದ್ದಕ್ಕೂ ಅಸಿಸ್ಟೆಂಟ್ ವೇತನಕ್ಕೂ ಇದೆ. ಪದವಿ ವಿದ್ಯಾರ್ಥಿಯ ಖರ್ಚು ಕಟ್ಟಿದ ಅರ್ಹ ಕುಟುಂಬಕ್ಕೆ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ ನಾಲ್ಕು ವರ್ಷ, ವರ್ಷಕ್ಕೆ 2,500 ಡಾಲರ್‌ವರೆಗೆ ಸಿಗುತ್ತದೆ. ಭಾರತದಿಂದ ಬಂದ ಎಫ್-1 ವಿದ್ಯಾರ್ಥಿಗಳಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ, ಬೇರೆ ದೇಶಗಳ ಹೆಚ್ಚಿನ ವಿದ್ಯಾರ್ಥಿಗಳಿಗೆ ಇಲ್ಲದ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದ ನಿಗದಿತ ಮೊತ್ತಕ್ಕೆ ತೆರಿಗೆ ಬಿಡುವ) ಸೌಲಭ್ಯವಿದೆ. ತೆರಿಗೆ ತುಂಬಿಕೊಡುವವರಿಗೆ ಇದು ಗೊತ್ತಿರುತ್ತದೆಂದು ನಂಬಿ ಕೂರದೆ, ನೀವೇ ವಿಧಿಯ ಸಂಖ್ಯೆ ಹೇಳಿ ಕೇಳಿ. ಫಾಫ್ಸಾ ಅರ್ಜಿ ಹಾಕುವವರು ಮುಂದಿನ ಅಕ್ಟೋಬರ್ 1ರ ದಿನಾಂಕವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಆ ಅರ್ಜಿಯನ್ನು ಪ್ರತಿ ವರ್ಷವೂ ಹೊಸದಾಗಿ ತುಂಬಬೇಕು.